ಸಂದಿಗೆ ಬಿದ್ದ ಎಣ್ಣೆ

ಚಿನ್ನಿ, ಪುಟ್ಯಾ, ನಿಮ್ಮ ಅಜ್ಜ ಕೈಯಿಟ್ಟ ಮಾಳಿಗೆ ಸೋರುವುದಿಲ್ಲ ಎಂದು ಸವದತ್ತಿ ಕಡೆಯವರು ಇಂದಿಗೂ ಹೇಳುತ್ತಾರೆ. ಒಂದು ಮಾತ್ರ ನನ್ನ ತಪ್ಪಿನಿಂದ ಸೋರುವುದರಲ್ಲಿತ್ತು. ಎದುರು ಕೂತು ಹೇಳಲು ಈ ಅಜ್ಜಿಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮಾತು. ಅಜ್ಜ ಮನೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಿದ್ದರು, ನಾನು ಜೊತೆಗೆ ಕೈಗೆಲಸಕ್ಕೆ ಹೋಗುತ್ತಿದ್ದೆ. ಹೂಲಿಯ ಒಂದು ಮನೆಯಲ್ಲಿ ಹೊಸ ಕೋಣೆಗೆ ಸೂರಾಗಿ ಹಾಸುಗಲ್ಲಿನ ಮಾಳಿಗೆ ಹೊದಿಸಿದ್ದರು. ಕಲ್ಲುಗಳ ನಡುವಿನ ಸಂದಿಗೆ ಆಗ ಎಲ್ಲರೂ ಸುಣ್ಣದ ಗಚ್ಚು ತುಂಬುತ್ತಿದ್ದರು. ಬಿಸಿಲಿಗೆ ಕಲ್ಲು ಸರಿದು ಅದು ಬಿರುಕು ಬಿಡುತ್ತಿತ್ತು. ಅಜ್ಜ ಬೈಲಹೊಂಗಲದ ಒಂದು ಗೋದಾಮಿನಲ್ಲಿ ಹೊಸ ರೀತಿ ಕಲಿತು ಬಂದಿದ್ದರು. ಸಂದಿಯ ತಳಕ್ಕೆ ಸೆಣಬಿನ ಹಗ್ಗ ತುರುಕಿ, ಮೇಲೆ ಸಣ್ಣ ಉಸುಕು ಬೆರೆಸಿದ ಕಾದ ಡಾಂಬರು ಹೊಯ್ಯುವುದು. ಕಲ್ಲು ಸರಿದರೆ ಅದೂ ಬಗ್ಗುತ್ತದೆ.

“ರಸ್ತಾಕ್ಕ ಹಾಕೂ ಡಾಂಬರ ಮನಿಗೆ ಹಾಕಾಕತ್ತಾನ. ನಾಳೆ ಮಾಳಿಗಿ ಮ್ಯಾಲೆ ಬಸ್ ಬಿಡತಾನೇನ?” ಎಂದು ಪಕ್ಕದ ಮನೆಯ ಮುದುಕ ನಕ್ಕ.

“ಮೊದಲ ಮಳಿಗೆ ಒಂದ್ ಹನಿ ಬಿದ್ರ ಈ ಊರಾಗ ಮತ್ತ ಕರಣಿ ಹಿಡಿಯೂದಿಲ್ರಿ ಕಾಕಾ” ಎಂದರು ಅಜ್ಜ, ಗಾರೆ ಬಳಿಯುವ ಕರಣಿ ಎತ್ತಿ ತೋರಿಸಿ. ಆ ಮಾತು ನಂಬಿಯೇ ಮನೆಯವರು ಸಂದಿ ತುಂಬಿದ ದಿನವೇ ಬಾಣಂತಿ ಮಗಳನ್ನೂ ಹಸುಗೂಸನ್ನೂ ಆ ಕೋಣೆಗೆ ತರಲು ಒಪ್ಪಿದ್ದರು.

ಆ ದಿನ ಮುಂಜಾನೆ ಅಜ್ಜ ಕೆಳಗೆ ಡಾಂಬರು ಕಾಯಿಸುತ್ತಿದ್ದಾಗ ಮನೆಯ ಹಿರಿಯಾಕೆ ಪೂಜೆಯ ತಾಟು ಹಿಡಿದು ಮಾಳಿಗೆಗೆ ಬಂದರು. ನಡುಗಲ್ಲಿಗೆ ಅರಿಶಿನ ಕುಂಕುಮ ಹಚ್ಚಿದರು. ಆಮೇಲೆ ಹೊಸ್ತಿಲಿಗೆ ಎರೆದಂತೆ, ಹಗ್ಗ ತುರುಕಿದ್ದ ನಡುವಿನ ಸಂದಿಗೆ ಎಣ್ಣೆ ಎರೆದರು. ಧೂಳು, ನೀರು, ಎಣ್ಣೆ ಇದ್ದರೆ ಡಾಂಬರು ಕಲ್ಲಿಗೆ ಅಂಟುವುದಿಲ್ಲ ಎಂದು ಅಜ್ಜ ನನಗೆ ಹತ್ತು ಸಲ ಹೇಳಿದ್ದರು. ಅದನ್ನು ಹೇಳಲು ನಾನು ಬಾಯಿ ತೆರೆದೆ.

“ಏನ್ ನೋಡ್ತಿ ತಂಗಿ? ಕೈ ಮುಗಿ” ಎಂದರು ಆಕೆ.

ನಾನು ಕೈ ಮುಗಿದೆ.

ಅಜ್ಜ ಬಂದು ಎಲ್ಲ ಸಂದಿಗೂ ಹೊಯ್ದರು. ಎಲ್ಲವೂ ಒಂದೇ ಕಪ್ಪು, ಒಂದೇ ಹೊಳಪು. ಮಧ್ಯಾಹ್ನ ರಾಮದುರ್ಗದ ದಿಕ್ಕಿನಲ್ಲಿ ಮೋಡ ಕಟ್ಟಿತು. ಅಜ್ಜ ಕೈ ತೊಳೆಯಲು ಇಳಿದಾಗ ನಾನು ನಡುವಿನ ಸಂದಿಯ ಅಂಚನ್ನು ಉಗುರಿನಿಂದ ಎತ್ತಿ ನೋಡಿದೆ. ಡಾಂಬರು ಸಿಪ್ಪೆಯಂತೆ ಎದ್ದು ಬಂತು. ಕೆಳಗೆ ಕೂಸು ಅಳುತ್ತಿತ್ತು. ತೊಟ್ಟಿಲು ಸರಿಯಾಗಿ ಆ ಸಂದಿಯ ಕೆಳಗೇ ಇತ್ತು.

ಇಳಿದು ಹೋಗಿ ಅಜ್ಜನಿಗೆ, “ನಡುವಿನ ಸಂದಿ ಹತ್ತಿಲ್ರಿ. ಎಣ್ಣಿ ಬಿದ್ದೈತಿ” ಎಂದೆ.

ಹಿರಿಯಾಕೆ ಅಲ್ಲೇ ನಿಂತಿದ್ದರು. “ಅಂದ್ರ ನನ್ನ ಪೂಜಾ ಸುಳ್ಳಾತೇನ?”

ಎಲ್ಲರೂ ನನ್ನ ಕಡೆ ನೋಡಿದರು. ನಾನು ನೆಲ ನೋಡುತ್ತ ಹೇಳಿದೆ:

“ಪೂಜಾ ಸುಳ್ಳಲ್ರಿ ಅವ್ವಾರ. ಕಲ್ಲ ಎಣ್ಣಿ ಕುಡದೈತ್ರಿ.”

ಅಜ್ಜ ಉಳಿ ಹಿಡಿದು ಮೇಲೆ ಓಡಿದರು. ಮಾರುದ್ದ ಡಾಂಬರು ಕೆತ್ತಿ, ಎಣ್ಣೆ ಕುಡಿದ ಹಗ್ಗ ಕಿತ್ತು, ಇಟ್ಟಿಗೆ ಪುಡಿಯಿಂದಲೂ ಬಿಸಿ ಬೂದಿಯಿಂದಲೂ ಕಲ್ಲು ತಿಕ್ಕಿ, ಹೊಸ ಹಗ್ಗ ತುರುಕಿದರು. ನಾನು ಉರಿ ಹೆಚ್ಚಿಸಿ ಡಾಂಬರು ಕಾಯಿಸಿ ಹೊತ್ತೆ. ಅವರು ಹೊಯ್ಯುವಷ್ಟರಲ್ಲಿ ಮೊದಲ ಹನಿ ನನ್ನ ಮುಂಗೈ ಮೇಲೆ ಬಿತ್ತು. ಸಂದಿಗೆ ಮಳೆ ಬೀಳದಿರಲೆಂದು ನಾನು ಜೊತೆಗೆ ತಂದಿದ್ದ ಕಂಬಳಿ ಬಿಚ್ಚಿ ಮೇಲೆ ಅಡ್ಡ ಹಿಡಿದೆ. ಒಬ್ಬಳೇ ಹಿಡಿಯಲಾಗಲಿಲ್ಲ. ಇನ್ನೊಂದು ತುದಿಯನ್ನು ಯಾರೋ ಹಿಡಿದರು. ನೋಡಿದರೆ ಹಿರಿಯಾಕೆ. ಅಜ್ಜ ಹೊಯ್ದು ಮುಗಿಸಿ, ಅದು ಬಿಗಿಯುವವರೆಗೂ ನಾವು ಹಾಗೇ ನಿಂತೆವು.

ಆಮೇಲೆ ಕೋಣೆಯಲ್ಲಿ ಎಲ್ಲರೂ ಮೇಲೆ ನೋಡುತ್ತ ಕೂತೆವು. ಮಳೆ ಜೋರಾಗಿ ಬಂತು. ಹಿರಿಯಾಕೆ ತೊಟ್ಟಿಲಿನ ಹಾಸಿಗೆಯ ಮೇಲೆ ಅಂಗೈ ಆಡಿಸಿದರು. ಒಂದು ಹನಿಯೂ ಬಿದ್ದಿರಲಿಲ್ಲ. ನನಗೆ ಒಂದು ತುಂಡು ಬೆಲ್ಲ ಕೊಟ್ಟರು.

ದಾರಿಯಲ್ಲಿ ಅಜ್ಜ, “ಮುಂಜಾನೇನ ಯಾಕ ಹೇಳ್ಲಿಲ್ಲ?” ಎಂದು ಕೇಳಿದರು. ನಾನು ಕಂಬಳಿ ಮಡಚುತ್ತ ಮುಂದೆ ನಡೆದೆ. ಆಮೇಲಿಂದ ಪ್ರತಿ ಕೆಲಸದಲ್ಲೂ ಬಾಗಿಲ ಬಳಿ ಒಂದು ಕಲ್ಲಿಟ್ಟು, “ಪೂಜಾ ಇಲ್ಲಿ ಮಾಡ್ರಿ” ಎಂದು ಹೇಳುವುದು ನನ್ನ ಕೆಲಸವಾಯಿತು. ಹೇಳುತ್ತಿದ್ದೆ, ತಲೆ ತಗ್ಗಿಸಿಯೇ.

ಈ ಹಾಳೆಗಳನ್ನು ದೇವರ ಜಗಲಿಯ ಮೇಲೆ ಇಡಬೇಡಿ, ಅಲ್ಲಿ ದೀಪದ ಎಣ್ಣೆ ಬೀಳುತ್ತದೆ. ನನ್ನ ತಗಡಿನ ಟ್ರಂಕಿನಲ್ಲಿ, ಸೀರೆಗಳ ಕೆಳಗೆ ಜೋಪಾನವಾಗಿ ಇಡಿ.