ಹವಳದ ತೊಟ್ಟಿಗೆ ಪೈಪು ಹಾಕಿದ ಚಾಚಾ

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ನಟ್ಟು ಬಿಗಿಯುವ ಪಾನಾ ಜಾರಿ ಎಂದೋ ಕಿತ್ತುಹೋದ ಆ ಜಾಗ ಹುಣಸೆಬೀಜದಂತೆ ನುಣ್ಣಗಾಗಿತ್ತು. ಜೋಡಿಸಿದ ಪ್ರತಿ ಪೈಪಿನ ಮೇಲೂ ಅದನ್ನೊಮ್ಮೆ ಆಡಿಸಿ ನೋಡುತ್ತಿದ್ದರು. ಗೋಕಾಕದ ನಮ್ಮ ಓಣಿಯಲ್ಲಿ ಯಾರ ಮನೆಯ ನಳ ಸೋರಿದರೂ ಅವರೇ ಬರಬೇಕು. ನಮಗೆಲ್ಲ ಅವರು ನಳದ ಚಾಚಾ.

ಅವರದೊಂದು ಪದ್ಧತಿಯಿತ್ತು. ಕೆಲಸ ಮುಗಿದ ಮೇಲೆ ಪ್ರತಿ ಜಾಯಿಂಟಿನ ಕೆಳಗೂ ಹಳೇ ಪೇಪರ್ ಹಾಸಿ, ಗೋಡೆಗೊರಗಿ ಚಹಾ ಕುಡಿಯುತ್ತ ಕೂರುವುದು. ಒಂದು ತಾಸಿನ ಮೇಲೂ ಪೇಪರ್ ಒಣಗಿದ್ದರೆ ಮಾತ್ರ ಏಳುವುದು. "ನನ್ನ ಕಣ್ಣಿಗೆ ವಯಸ್ಸಾಗೇತ್ರಿ, ಪೇಪರಿಗೆ ಆಗಿಲ್ಲ," ಎನ್ನುವರು.

ನಾನು ಹುಕ್ಕೇರಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆಯಲ್ಲಿ ಅವ್ವ, ನಾನು ಇಬ್ಬರೇ. ಉಪ್ಪುನೀರಿನ ತೊಟ್ಟಿಯಲ್ಲಿ ಹವಳ ಬೆಳೆಸುವ ಹುಚ್ಚು ನನಗೆ. ಹವಳಕ್ಕೆ ಸುಣ್ಣದಂಶ ಬೇಕೆಂದು ಕ್ಯಾಲ್ಸಿಯಂ ರಿಯಾಕ್ಟರ್ ತರಿಸಿದೆ. ಸುಣ್ಣಕಲ್ಲಿನ ಹರಳು ತುಂಬಿದ ಒಂದು ಕೊಳವೆ, ಪಕ್ಕಕ್ಕೆ ಇಂಗಾಲದ ಡೈಆಕ್ಸೈಡಿನ ಸಿಲಿಂಡರು. ಅನಿಲ ಬೆರೆತ ನೀರು ಹರಳನ್ನು ಕರಗಿಸಿಕೊಂಡು ಹನಿಹನಿಯಾಗಿ ತೊಟ್ಟಿಗೆ ಇಳಿಯಬೇಕು. ಜೋಡಿಸಲು ಚಾಚಾರನ್ನೇ ಕರೆದೆ.

"ಕಲ್ಲು ಕರಗಿಸಿ ಕುಡಸೂದೇನ್ರಿ ಅಕ್ಕೋರ? ನಮ್ಮ ಬೋರಿನ ನೀರಾಗ ಸುಣ್ಣ ಕಮ್ಮಿ ಐತೇನು?" ಎಂದು ನಕ್ಕರು.

ನೀರಿನ ಪೈಪು, ಅನಿಲದ ನಳಿಕೆ ಎರಡನ್ನೂ ಕೂಡಿಸಿ ಎಲ್ಲದರ ಕೆಳಗೂ ಪೇಪರ್ ಹಾಸಿದರು. ತಾಸಾದ ಮೇಲೆ ಎತ್ತಿ ತೋರಿಸಿದರು. ಒಂದು ಹನಿಯೂ ಇರಲಿಲ್ಲ. ನಾನು ಸರಿಯೆಂದು ತಲೆಯಾಡಿಸಿ ಹುಕ್ಕೇರಿ ಬಸ್ಸು ಹಿಡಿದೆ. ಅವರು ಹತ್ತಿರದ ಹಳ್ಳಿ ತುಕ್ಕಾನಟ್ಟಿಯಲ್ಲಿ ಬೋರಿಗೆ ಪೈಪು ಇಳಿಸಲು ಹೋದರು.

ಮಧ್ಯಾಹ್ನ ಕ್ಲಾಸಿನಲ್ಲಿದ್ದಾಗ ಅವರ ಫೋನು ಬಂತು.

"ಅಕ್ಕೋರ, ಅವ್ವಾರು ಊಟಾ ಮಾಡಿ ಎಲ್ಲಿ ಮಲಗ್ತಾರ್ರಿ?"

"ತೊಟ್ಟಿ ಬಾಜೂಕ, ಚಾಪಿ ಹಾಸ್ಕೊಂಡು. ಯಾಕ್ರಿ?"

"ಬಾಗಲಾ ಹಾಕ್ಕೊಂಡಿರ್ತಾರೇನು?"

"ಹೂಂ. ಎಸಿ ತಂಪ ಹೊರಗ ಹೋಗ್ತೈತಂತ."

"ಯಾ ಅಲ್ಲಾ," ಎಂದರು. "ಇಲ್ಲೊಬ್ಬಾಕಿ ಅಡಗಿ ಗ್ಯಾಸ್ ಬದಲ ಮಾಡಿ ಸಾಬೂನ ನೊರಿ ಹಚ್ಚಿ ನೋಡಿದ್ಳ್ರಿ. ನಾ ಗ್ಯಾಸಿನ ಜಾಯಿಂಟಿಗೆ ಪೇಪರ್ ಹಾಸಿ ಬಂದೇನಿ! ಗ್ಯಾಸ್ ಪೇಪರ್ ತೋಯಿಸ್ತೈತೇನ್ರಿ? ನಾ ಹೊಂಟೇನಿ. ನೀವು ಅವರಿಗೆ ಫೋನ್ ಹಚ್ರಿ."

ಅವ್ವ ಫೋನು ಎತ್ತಲಿಲ್ಲ. ಏಳು ಸಲ ಮಾಡಿದೆ. ಪಕ್ಕದ ಮನೆಯವರು ಊರಲ್ಲಿರಲಿಲ್ಲ.

ಗೋಕಾಕದ ಬಸ್ಸು ಹತ್ತಿದೆ. ಆ ಅನಿಲ ಗಾಳಿಗಿಂತ ಭಾರ, ನೆಲದಲ್ಲೇ ತಂಗುತ್ತದೆ ಎಂದು ಎಷ್ಟು ಮಕ್ಕಳಿಗೆ ಮೇಣದಬತ್ತಿ ಆರಿಸಿ ತೋರಿಸಿದ್ದೇನೆ! ಅವ್ವ ಮಲಗುವುದು ನೆಲದ ಮೇಲೆಯೇ. ಕಂಡಕ್ಟರ್ ಆಧಾರ್ ಕಾರ್ಡ್ ಕೇಳಿದಾಗ ಪರ್ಸು ಕೈಯಿಂದ ಬಿತ್ತು. ಎತ್ತಿಕೊಳ್ಳಲೂ ಆಗಲಿಲ್ಲ. ದೇವರ ಹೆಸರು ಬಾಯಿಗೆ ಬರಲಿಲ್ಲ. ಏಳವ್ವಾ, ಏಳವ್ವಾ ಎಂದಷ್ಟೇ ಅನ್ನುತ್ತಿದ್ದೆ.

ಮನೆ ಮುಟ್ಟಿದಾಗ ಬಾಗಿಲ ಚಿಲಕ ಮುರಿದಿತ್ತು. ಅವ್ವ ಕಟ್ಟೆಯ ಮೇಲೆ ತಲೆ ಹಿಡಿದುಕೊಂಡು ಕೂತಿದ್ದಳು. ವಾಂತಿಯಾಗಿತ್ತು, ಆದರೆ ಮಾತಾಡುತ್ತಿದ್ದಳು. ಚಾಚಾ ಟವೆಲ್ಲಿನಿಂದ ಅವಳಿಗೆ ಗಾಳಿ ಬೀಸುತ್ತಿದ್ದರು. ಯಾರದೋ ಬೈಕಿನಲ್ಲಿ ಬಂದು ಭುಜದಿಂದಲೇ ಬಾಗಿಲು ಒಡೆದಿದ್ದರು. ಅಂಗಿ ಹರಿದು ರಕ್ತ ಒಸರುತ್ತಿತ್ತು.

"ತಪ್ಪು ನಂದ್ರಿ ಅಕ್ಕೋರ," ಎಂದರು.

ನನ್ನ ಅಂಜಿಕೆಯೆಲ್ಲ ಸಿಟ್ಟಾಗಿ ಬಾಯಿಗೆ ಬಂತು. "ನಮ್ಮವ್ವನ್ನ ಕೊಲ್ಲಾಕ ಬಂದಿದ್ರೇನು? ಮತ್ತ ಈ ಕಡೆ ಕಾಲಿಡಬ್ಯಾಡ್ರಿ!" ಎಂದು ಓಣಿಯ ಜನರೆದುರೇ ಕೂಗಿದೆ. ಆ ಒಣ ಪೇಪರ್ ನೋಡಿ ತಲೆಯಾಡಿಸಿದ ವಿಜ್ಞಾನದ ಶಿಕ್ಷಕಿ ನಾನೇ ಎಂದು ಯಾರಿಗೂ ಹೇಳಲಿಲ್ಲ. ಅವರೂ ಹೇಳಲಿಲ್ಲ. ತಲೆ ತಗ್ಗಿಸಿಕೊಂಡು ಹೋದರು.

ಸಿಲಿಂಡರನ್ನು ಮರುದಿನವೇ ಹೊರಗೆ ಹಾಕಿಸಿದೆ. ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಅವರ ಮನೆಯ ತಿರುವಿನ ತನಕ ಹೋಗಿ, ನಾಚಿಕೆಯಾಗಿ ಹಿಂದಿರುಗಿದೆ. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡ ಸುದ್ದಿಯನ್ನು ಅವ್ವನೇ ಹೇಳಿದಳು. ನಿನಗೆ ಹೇಗೆ ಗೊತ್ತಾಯಿತೆಂದು ಕೇಳಿದೆ.

"ದಿನಾ ಮಧ್ಯಾಹ್ನ ಎರಡಕ್ಕ, ನಾ ಮಲಗೂ ಹೊತ್ತಿಗೆ, ಫೋನ್ ಮಾಡ್ತಿದ್ರವಾ. 'ಅವ್ವಾರ, ಕಿಡಕಿ ತಗದೀರಿಲ್ರಿ?' ಅಂತ ಕೇಳಿ ಇಟ್ಟುಬಿಡ್ತಿದ್ರು. ಸಿಲಿಂಡರ್ ಹೊರಗ ಹಾಕೇವಿ ಅಂದ್ರೂ ಬಿಡಲಿಲ್ಲ. ಮೂರು ದಿನಾ ಫೋನ್ ಬರಲಿಲ್ಲಂತ ನಾನ ಹಚ್ಚಿದೆ. ಅವರ ಹೆಂಡ್ತಿ ಎತ್ತಿದ್ಳು."

"ನನಗ್ಯಾಕ ಹೇಳಲಿಲ್ಲವಾ?"

"ಹೇಳಬ್ಯಾಡ್ರಿ, ಅಕ್ಕೋರು ಮತ್ತ ಅಂಜ್ತಾರ ಅಂದಿದ್ರು."