ಭಾವನಿಗೆ ಬಂದೂಕು ಆರಿಸಿದ್ದು

ಹೊಸಪೇಟೆಯಲ್ಲಿ ನನ್ನದೊಂದು ಲೇತು, ವೆಲ್ಡಿಂಗಿನ ಕಾರ್ಖಾನೆ ಇದೆ. ಅದಿರಿನ ಲಾರಿಗಳ ಮುರಿದ ಪಟ್ಟಾ, ಸವೆದ ಬುಷ್, ಬಿರುಕು ಬಿಟ್ಟ ಚಾಸಿಗಳ ನಡುವೆ ಮೂವತ್ತು ವರ್ಷ ಕಳೆದವನಿಗೆ ಯಾವ ವಸ್ತು ಕಂಡರೂ ಮೊದಲು ಬರುವ ಪ್ರಶ್ನೆ, ಇದು ಎಷ್ಟು ವರ್ಷ ಬಾಳುತ್ತದೆ ಎಂಬುದು. ಮಿಕ್ಸಿ ಕೊಳ್ಳಲು ಹೋದರೂ ತಲೆಕೆಳಗು ಮಾಡಿ ತಳ ನೋಡುತ್ತೇನೆ. ಅಳಿಯನನ್ನು ಆರಿಸುವಾಗಲೂ ಹೀಗೇ ಮಾಡಿದಿರಿ ಎಂದು ಹೆಂಡತಿ ಅಣಕಿಸುತ್ತಾಳೆ. ಅದೇ ಬುದ್ಧಿಯಲ್ಲಿ ನಾನು ಭಾವನಿಗೊಂದು ಬಂದೂಕು ಆರಿಸಿಕೊಟ್ಟೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಂಪ್ಲಿಯಲ್ಲಿ ಅವರದು ಅಕ್ಕಿ ಗಿರಣಿ. ಹೊಲಕ್ಕೆ ನುಗ್ಗುವ ಹಂದಿ ಹೆದರಿಸಲೆಂದು ಅವರ ತಂದೆಗೆ ಸಿಕ್ಕಿದ್ದ ಬಂದೂಕಿನ ಪರವಾನಗಿ, ತಂದೆಯ ನಂತರ ಭಾವನ ಹೆಸರಿಗೆ ಬಂದಿತ್ತು. ಆದರೆ ಜೀವವಿದ್ದ ಒಂದನ್ನೂ ಅವರು ಹೊಡೆದವರಲ್ಲ. ಗಿರಣಿಯಲ್ಲಿ ಇಲಿ ಪಾಷಾಣ ಇಡುವ ದಿನ ಏನಾದರೊಂದು ನೆಪ ಹೇಳಿ ಹೊಸಪೇಟೆಗೆ ಬಂದುಬಿಡುತ್ತಿದ್ದರು. ಅವರಿಗೆ ಹಿಡಿದಿದ್ದ ಹುಚ್ಚು ಬಿಲ್ಲೆಯದು.

ಸಂಡೂರಿನಾಚೆ, ಚೋರನೂರಿನ ದಾರಿಯಲ್ಲಿ, ಭಾವನ ಪರಿಚಯದ ಹಿರಿಯರೊಬ್ಬರ ಬೀಳು ಜಮೀನಿತ್ತು. ಅನುಮತಿ ಪಡೆದು ಅಲ್ಲೊಂದು ಯಂತ್ರ ಇಟ್ಟಿದ್ದರು. ಅಂಗೈ ಅಗಲದ ಮಣ್ಣಿನ ಬಿಲ್ಲೆಯನ್ನು ಸ್ಪ್ರಿಂಗಿನ ತೋಳು ಆಕಾಶಕ್ಕೆ ಎಸೆಯುತ್ತದೆ; ಅದು ನೆಲ ಮುಟ್ಟುವ ಮುಂಚೆ ಹೊಡೆಯಬೇಕು. ವರ್ಷಕ್ಕೆ ಮೂರು ನಾಲ್ಕು ಭಾನುವಾರ ನಾವಿಬ್ಬರೂ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಹೋಗುತ್ತಿದ್ದೆವು. ನಾನು ಯಂತ್ರದ ಹಗ್ಗ ಎಳೆಯುವವನು, ಭಾವ ಹೊಡೆಯುವವರು. ಬಿಲ್ಲೆ ಪುಡಿಯಾಗಿ ಕೆಂಪು ಧೂಳು ಹರಡಿದಾಗ ಐವತ್ತೆಂಟರ ಆ ಮನುಷ್ಯ, ಗಿರಣಿಯ ಯಜಮಾನ, ಅಂಗಿ ಮೇಲೆತ್ತಿ ಹೊಟ್ಟೆ ತೋರಿಸಿ ಕುಣಿಯುತ್ತಿದ್ದರು.

ತಂದೆಯ ಕಾಲದ ಒಂಟಿ ನಳಿಗೆಯ ಬಂದೂಕು ಅಷ್ಟರಲ್ಲಿ ಸತ್ತಿತ್ತು. ಅದನ್ನು ಕೊಂದದ್ದು ಭಕ್ತಿ. ಪ್ರತಿ ಆಯುಧ ಪೂಜೆಗೂ ಅರಿಶಿನ ಕುಂಕುಮ ಬಳಿದು, ನಿಂಬೆಹಣ್ಣು ಹಿಂಡಿ, ದೇವರ ಪ್ರಸಾದ ಒರೆಸಬಾರದೆಂದು ಹಾಗೇ ಬೀರುವಿನಲ್ಲಿ ಇಡುತ್ತಿದ್ದರು. ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಒಳಗೆಲ್ಲ ತುಕ್ಕಿನ ಗುಳಿ.

"ಭಾವ, ಇನ್ನ ಇದ್ರಾಗ ಹೊಡದ್ರ ಬಿಲ್ಲಿ ಉಳಿತೈತಿ, ನೀವು ಉಳಿಯಂಗಿಲ್ಲ" ಎಂದೆ.

ಹೊಸದು ಕೊಳ್ಳಲು ಬಳ್ಳಾರಿಯ ಬಂದೂಕಿನ ಅಂಗಡಿಗೆ ಹೋದದ್ದು ಶಿವರಾತ್ರಿ ಕಳೆದ ಮೇಲೆ. ವರ್ಷಕ್ಕೆ ನಾಲ್ಕು ಸಲ ಹೊಡೆಯುವವರಿಗೆ ಗಿರಣಿ ಒತ್ತೆಯಿಡುವಂಥ ಬಂದೂಕು ಬೇಕಿರಲಿಲ್ಲ. ಕೈಗೆಟಕುವ ಬೆಲೆಯಲ್ಲಿ ಅಂಗಡಿಯವರು ಎರಡನ್ನು ತೋರಿಸಿದರು. ಒಂದು, ಯಾರೋ ಮಾರಿಹೋಗಿದ್ದ ಹಳೆಯ ವಿದೇಶಿ ಜೋಡಿನಳಿಗೆ. ಹಗುರ, ಅಂದೇ ಒಯ್ಯಬಹುದು. ಇನ್ನೊಂದು ನಮ್ಮ ದೇಶದ್ದೇ, ಒಂದರ ಮೇಲೊಂದು ನಳಿಗೆಯದು. ಮುಕ್ಕಾಲು ಕಿಲೋ ಹೆಚ್ಚು ತೂಕ. ಅಲ್ಲಿದ್ದದ್ದು ತೋರಿಸುವ ಮಾದರಿ ಮಾತ್ರ. ಹೇಳಿ ತರಿಸಬೇಕು, ಮೂರು ನಾಲ್ಕು ತಿಂಗಳು ಹಿಡಿಯುತ್ತದೆ.

ನಾನು ಹಳೆಯದರ ನಳಿಗೆ ಬಿಚ್ಚಿಸಿ, ಬೆರಳಿಗೆ ತೂಗುಹಾಕಿ, ಉಗುರಿನಿಂದ ತಟ್ಟಿದೆ. ಬೆಸುಗೆ ಗಟ್ಟಿಯಿದ್ದರೆ ಗಂಟೆಯಂತೆ ನಾದ ಬರುತ್ತದೆ. ಬಂತು. ಆದರೂ ಮಡಚುವಲ್ಲಿ ಕೀಲು ಕೂದಲೆಳೆಯಷ್ಟು ಅಲುಗುತ್ತಿತ್ತು. "ಇನ್ನ ಐದ್ ವರ್ಷಕ್ಕ ಇದು ಸಡಿಲಾಗ್ತೈತ್ರಿ" ಎಂದೆ. ಭಾವ ಅದನ್ನು ಭುಜಕ್ಕಿಟ್ಟು, ಕೆನ್ನೆ ಒರಗಿಸಿ, ಕಣ್ಣು ಮುಚ್ಚಿ ನಿಂತಿದ್ದರು.

"ಐದ್ ವರ್ಷ ಭಾಳಾತಲೇ. ಕೈಗೆ ಹೂವಿನಂಗ ಐತಿ. ಇದ ಸಾಕು."

"ಹೂವು ಮುಡ್ಕಳ್ಳಾಕ ಬಂದೀರೇನು? ಹಗುರ ಬಂದೂಕು ಭುಜಕ್ಕ ಒದಿತೈತಿ, ಭಾರ ಇದ್ದದ್ದು ಒದಿಯಲ್ಲ. ತಗೊಂಡ್ರ ಮೊಮ್ಮಗನ ಕಾಲಕ್ಕೂ ಬರೂವಂಥದ್ದು ತಗೋಬೇಕು. ಹೋದ ಸಲ ಎಲ್ಲಾ ಬಿಲ್ಲಿ ಬಿಟ್ರಲ್ಲ, ಅದು ಬಂದೂಕಿನ ತಪ್ಪಲ್ಲ, ಕಣ್ಣಿಂದು. ಮೊದ್ಲು ಕನ್ನಡಕ ಬದಲಿಸ್ರಿ."

ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಂಗಡಿಯವರೂ ಹೌದೆಂದರು. ಭಾವ ನಕ್ಕು ಹಳೆಯದನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ಅವರ ಬಲ ತೋಳಿನ ಗುಂಡಿ ಬಿಚ್ಚಿಕೊಂಡಿತ್ತು, ಅದನ್ನು ಹಾಕಿಕೊಳ್ಳಲು ತಿಣುಕುತ್ತಿದ್ದರು. ವಯಸ್ಸಾಯಿತು ಎಂದು ಅದಕ್ಕೂ ರೇಗಿಸಿದೆ. ಅವರಿಗೆ ಆಗಲೇ ಗೊತ್ತಿತ್ತು. ಕೈಗಳ ಮಾಂಸಖಂಡ ಕರಗುತ್ತ ಹೋಗುವ ಕಾಯಿಲೆ, ಇದಕ್ಕೆ ಮದ್ದಿಲ್ಲ ಎಂದು ಸಂಕ್ರಾಂತಿಯ ಹೊತ್ತಿಗೇ ಡಾಕ್ಟರು ಹೇಳಿದ್ದರು. ಅದು ಅವರಿಗೂ ಅಕ್ಕನಿಗೂ ಮಾತ್ರ ಗೊತ್ತಿದ್ದ ಸಂಗತಿ. ಯಾರಿಗೂ ಹೇಳಬಾರದೆಂದು ಅಕ್ಕನಿಂದ ಆಣೆ ಹಾಕಿಸಿಕೊಂಡಿದ್ದರು, ನನಗಂತೂ ಹೇಳಲೇಬಾರದೆಂದು. ನಾನು ಹಗ್ಗ ಎಳೆಯುವ ಖುಷಿ ಹಾಳಾಗಬಾರದಂತೆ.

ಭಾರದ ಬಂದೂಕು ಅಂಗಡಿಗೆ ಬಂದಾಗ ಆಷಾಢ. ಆಷಾಢದಲ್ಲಿ ನಮ್ಮ ಕಡೆ ಪೊರಕೆಯನ್ನೂ ಹೊಸದಾಗಿ ತರುವುದಿಲ್ಲ. ಒಂದು ತಿಂಗಳು ಅಲ್ಲೇ ಇರಲಿ ಎಂದವನು ನಾನು. ಶ್ರಾವಣ ಹುಟ್ಟುತ್ತಲೇ ಪರವಾನಗಿ ಪುಸ್ತಕಕ್ಕೆ ಏರಿಸಿ, ಐವತ್ತು ಗುಂಡಿನ ತೋಟಾ ಸಮೇತ ಮನೆಗೆ ತಂದೆವು. ಭಾವ ಅಂದೇ ಕೇಳಿದರು:

"ಈ ಐತಾರ ಹೋಗಿ ಎಲ್ಡ್ ಬಿಲ್ಲಿ ಹೊಡಕಂಡು ಬರಾನೇನಲೇ?"

"ತಡೀರಿ ಭಾವ. ಆಯುಧ ಪೂಜಿ ಇನ್ನೇನು ಬಂತು. ನಮ್ಮ ಕಾರ್ಖಾನಿಯಾಗ ಹೊಸ ಲೇತು ತಂದ್ರೂ ಪೂಜಿ ಆಗೂತನ ಗುಂಡಿ ಒತ್ತಂಗಿಲ್ಲ. ಇದು ಗುಂಡು ಹಾರಿಸೂವಂಥದ್ದು."

ಅದು ನಿಜವೇ. ಒಮ್ಮೆ ಪೂಜೆಗೆ ಮುಂಚೆ ಓಡಿಸಿದ ಯಂತ್ರದಲ್ಲಿ ನಮ್ಮ ಕೆಲಸಗಾರನ ಬೆರಳು ಹೋಗಿತ್ತು. ಅಂದಿನಿಂದ ನನ್ನದು ಕಲ್ಲಿನಂಥ ಹಟ. ಪಂಚಮಿ ಹಬ್ಬದ ಉಂಡೆ ಕೊಡಲು ಹೋದಾಗ ಭಾವ ಮತ್ತೆ ಕೇಳಿದರು. ಚೌತಿ ಮುಗಿದ ಮೇಲೆ ಫೋನಿನಲ್ಲಿ ಮೂರನೆಯ ಸಲ ಕೇಳಿದರು. ತಮಗೆಂದು ಯಾರನ್ನೂ ಏನನ್ನೂ ಎರಡು ಸಲ ಕೇಳದ ಮನುಷ್ಯ. "ಒಂದ ಒಂದು ಹೊಡಿತೀನಿ, ಆಮ್ಯಾಲೆ ನಿನ್ನ ಪೂಜಿ ಮಾಡ್ಕ" ಎಂದರು. ನಾನು ಜೋರಾಗಿ ನಕ್ಕೆ. "ಸಣ್ಣ ಹುಡುಗರಂಗ ಮಾಡಬ್ಯಾಡ್ರಿ" ಎಂದೆ. ಆಗ ಅವರ ಕೈ ಇನ್ನೂ ಬಂದೂಕು ಎತ್ತುತ್ತಿತ್ತು. ಬೀರುವಿನಿಂದ ತೆಗೆದು ಹತ್ತು ಎಣಿಸುವಷ್ಟು ಹೊತ್ತು ಭುಜಕ್ಕಿಟ್ಟು ನಿಲ್ಲುತ್ತಿದ್ದರಂತೆ. ಅಕ್ಕ ಇದನ್ನು ಹೇಳಿದ್ದು ಎಲ್ಲ ಮುಗಿದ ಮೇಲೆ.

ಪಿತೃಪಕ್ಷ, ಕೆಲಸದ ಒತ್ತಡ ಎಂದು ನಾನು ಆಮೇಲೆ ಕಂಪ್ಲಿಗೆ ಹೋಗಲಿಲ್ಲ. ಹೋದದ್ದು ಮಹಾನವಮಿಗೆ. ಗಿರಣಿಯ ಅಂಗಳದಲ್ಲಿ ಯಂತ್ರ, ಟ್ರ್ಯಾಕ್ಟರು, ತಕ್ಕಡಿ, ಬಂದೂಕು ಎಲ್ಲಕ್ಕೂ ಪೂಜೆಯಾಯಿತು. ಬಂದೂಕಿಗೆ ನಿಂಬೆರಸ ತಾಗದಂತೆ ನಾನೇ ಕಾವಲು ನಿಂತೆ, ಎಣ್ಣೆಬಟ್ಟೆಯಿಂದ ಒರೆಸಿದೆ. ಭಾವ ಕುರ್ಚಿ ಬಿಟ್ಟು ಏಳಲಿಲ್ಲ. ಎರಡೂ ಕೈ ಶಾಲಿನೊಳಗಿದ್ದವು. ಜ್ವರವೆಂದರು, ನಂಬಿದೆ.

ಮರುದಿನ ಬನ್ನಿ. ಎಲೆ ಕೊಟ್ಟು, ಬನ್ನಿ ತಗೊಂಡು ಬಂಗಾರದಂಗ ಇರಾನು ಎಂದು ಕಾಲು ಮುಟ್ಟಿದೆ. ಎದ್ದು ನೋಡಿದರೆ ನಾನು ಕೊಟ್ಟ ಎಲೆಗಳು ಅವರ ಅಂಗೈಯಿಂದ ಜಾರಿ ನೆಲದ ಮೇಲೆ ಬಿದ್ದಿದ್ದವು. ಹೆಬ್ಬೆರಳಿನ ಬುಡದಲ್ಲಿ ಮಾಂಸವೇ ಇರಲಿಲ್ಲ. ಅಕ್ಕ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಆಗ ಭಾವ ಕಾಯಿಲೆಯ ಹೆಸರು ಹೇಳಿದರು, ಅಕ್ಕಿಯ ಧಾರಣೆ ಹೇಳಿದಷ್ಟು ಸಲೀಸಾಗಿ.

ನಾನು ಆಗಲೇ ಭಾವನನ್ನು ಕೂರಿಸಿಕೊಂಡು, ಬಂದೂಕು ಹಿಂದೆ ಇಟ್ಟು ಕಾರು ತೆಗೆದೆ. ದಾರಿಯುದ್ದಕ್ಕೂ ಹುಚ್ಚನಂತೆ ಓಡಿಸಿದೆ. ಇಷ್ಟು ತಿಂಗಳು ಕಾಯಿಸಿದ್ದನ್ನು ಎರಡು ಗಂಟೆಯಲ್ಲಿ ತುಂಬಿಕೊಡುವವನ ಹಾಗೆ. ಬೀಳಿನಲ್ಲಿ ಯಂತ್ರ ಸಿದ್ಧ ಮಾಡಿ ಬಂದೂಕು ಅವರ ಕೈಗಿಟ್ಟೆ, ತೋಟಾ ಹಾಕದೆ. ಮೊದಲು ಭುಜಕ್ಕೆ ಬರಲಿ ಎಂದು. ಅದು ಎದೆಯ ಮಟ್ಟಕ್ಕೂ ಬರಲಿಲ್ಲ. ಎರಡನೆಯ ಸಲ ನಳಿಗೆ ಮಣ್ಣಿಗೆ ತಾಗಿತು. ನಾನು ಮುಂದೆ ಕೂತು ನಳಿಗೆಯನ್ನು ಹೆಗಲ ಮೇಲೆ ಹೊರುತ್ತೇನೆ ಎಂದೆ, ಹಿಂದೆ ನಿಂತು ತಬ್ಬಿ ಹಿಡಿಯುತ್ತೇನೆ ಎಂದೆ.

"ಬ್ಯಾಡಲೇ," ಎಂದರು. "ಮಂದಿ ಕೈಲೆ ಹೊಡದ್ರ ಅದು ನನ್ನ ಬಿಲ್ಲಿ ಅಲ್ಲ. ಮಿರ್ಚಿ ತಂದೀಯೇನು?"

ತಂದಿರಲಿಲ್ಲ. ಇಬ್ಬರೂ ಬಂಡೆಯ ಮೇಲೆ ಕೂತೆವು. ಬಯ್ದಿದ್ದರೆ ಚೆನ್ನಾಗಿತ್ತು. ಅವರು ನನ್ನ ಬೆನ್ನ ಮೇಲೆ ಕೈ ಇಟ್ಟರು. ಆ ಕೈಯಲ್ಲಿ ಒಂದು ಟವೆಲ್ಲಿನ ತೂಕವೂ ಇರಲಿಲ್ಲ.

ಮುಂದಿನ ಯುಗಾದಿಗೆ ಭಾವ ಇರಲಿಲ್ಲ. ಪರವಾನಗಿ ಇದ್ದವರು ತೀರಿಕೊಂಡರೆ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು. ಅಕ್ಕನನ್ನು ಕರೆದುಕೊಂಡು ನಾನೇ ಹೋದೆ. ಬರೆದುಕೊಳ್ಳುವ ಪೇದೆ ಒಳ್ಳೆಯ ಮನುಷ್ಯ, ಅಕ್ಕನಿಗೆ ಕುರ್ಚಿ ಹಾಕಿಸಿದರು. ನಳಿಗೆ ಮಡಚಿ ಬೆಳಕಿಗೆ ಹಿಡಿದು ನೋಡಿದರು, ಒಳಗೆ ಕನ್ನಡಿ. ಪರವಾನಗಿ ಪುಸ್ತಕದಲ್ಲಿ ತೋಟಾದ ಲೆಕ್ಕ ನೋಡಿ ಡಬ್ಬಿಗಳನ್ನು ಬಿಚ್ಚಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು.

"ಐವತ್ತಕ್ಕ ಐವತ್ತೂ ಅದಾವಲ್ಲಮ್ಮ. ಒಂದೂ ಹೊಡದಿಲ್ಲೇನು?"

ಅಕ್ಕ ನನ್ನ ಕಡೆ ನೋಡಲಿಲ್ಲ. ಮೇಜಿನ ಮೇಲಿದ್ದ ಬಂದೂಕಿನ ಹಿಡಿಯನ್ನು ಸೆರಗಿನಿಂದ ಒರೆಸುತ್ತ, "ಇಲ್ರಿ ಸಾಹೇಬ್ರ," ಎಂದಳು. "ಹಬ್ಬ ಬರ್ಲಿ ಅಂತ ಎಲ್ಲಾರೂ ಕೂಡೇ ಕಾದ್ವಿ."