ತೂಡಾಳ ಹಾಜರಿ ಪಟ್ಟಿ

ಎತ್ತರ ಐದಡಿ ಎರಡಂಗುಲ, ಭುಜ ಸಣ್ಣದು, ಅಳತೆ ಮಧ್ಯಮ. ಬೂಟಿನ ಹಿಮ್ಮಡಿ ಸವೆದಿದೆ, ಅಂದರೆ ನಡೆದು ಬಂದವಳು, ಟ್ಯಾಕ್ಸಿಯಲ್ಲಲ್ಲ. ಕೋಟು ಒಳ್ಳೆಯದೇ, ಆದರೆ ಬೇರೆ ಯಾರಿಗೋ ಹೊಲಿದದ್ದು. ಬೆಲೆ ಕೇಳುವ ಮೊದಲೇ ಬಟ್ಟೆಯನ್ನು ತಿರುವಿ ಒಳಹೊಲಿಗೆ ನೋಡಿದಳು. ಮೋಸ ಹೋಗುವ ಗಿರಾಕಿಯಲ್ಲ. ರಬಾತಿನ ಹಳೇಪೇಟೆಯಲ್ಲಿ ಮೂವತ್ತು ವರ್ಷದಿಂದ ಕೆಲಸದ ಬಟ್ಟೆ ಮಾರುವ ಬೂಶ್ತಾ, ಇದನ್ನು ಬರೆಯುತ್ತಿರುವವನೂ ಅವನೇ, ತೂಡಾಳನ್ನು ಮೊದಲ ದಿನ ತೂಗಿ ನೋಡಿದ್ದು ಹೀಗೆ.

ಅವಳಿಗೆ ಬೇಕಿದ್ದದ್ದು ಅರವತ್ತೆರಡು ತೋಳಿಲ್ಲದ ಅಂಗಿ, ಎಲ್ಲ ಒಂದೇ ಬಣ್ಣ.

"ಹಳದಿ ಒಂದು ಗುಂಪಿಂದಾಯ್ತು, ಕೆಂಪು ಇನ್ನೊಂದರದ್ದು. ನಮ್ಮದು ಹಸಿರು ಇರ್ಲಿ ಹಾಜಿ. ಆದ್ರೆ ಈ ಹೊಲಿಗೆ ನಾಲ್ಕು ಲಾಠಿ ಏಟಿಗೆ ಬಿಚ್ಕೊಳ್ಳುತ್ತೆ."

"ಲಾಠಿ ಏಟಿಗೆ ಯಾವ ದರ್ಜಿಯೂ ಗ್ಯಾರಂಟಿ ಕೊಡಲ್ಲ ತಾಯಿ. ಮಾಸ್ಟರ್ಸ್ ಓದಿದವರು ಏಟು ತಪ್ಪಿಸ್ಕೊಳ್ಳೋದನ್ನೂ ಕಲೀಬೇಕಿತ್ತು."

"ಅದು ಸಿಲಬಸ್‌ನಲ್ಲಿರಲಿಲ್ಲ. ಬೆಲೆ ಇಳಿಸಿ."

ಇಳಿಸಿದ. ಇಳಿಸಿದ್ದೇಕೆಂದು ಮೂರು ದಿನ ತನ್ನನ್ನೇ ಬೈದುಕೊಂಡ.

ತೂಡಾ ಮಿದೆಲ್ತ್ ಕಡೆಯ ಬೆಟ್ಟದವಳು. ತಂದೆ ದುಡಿಯುತ್ತಿದ್ದ ಸೀಸದ ಗಣಿ ಮುಚ್ಚಿತು, ಆಮೇಲೆ ತಂದೆಯ ಶ್ವಾಸಕೋಶವೂ ಮುಚ್ಚಿತು. ತಾಯಿ ನೇಯ್ದ ಕಂಬಳಿಗಳು ಅವಳನ್ನು ರಬಾತಿಗೆ ಕಳಿಸಿ ಸಾರ್ವಜನಿಕ ನೀತಿಯಲ್ಲಿ ಮಾಸ್ಟರ್ಸ್ ಮಾಡಿಸಿದವು. ಅವಳ ಊರಲ್ಲಿ ಐದನೇ ತರಗತಿ ಮುಗಿದ ಹುಡುಗಿಯರು ಮನೆಯಲ್ಲಿ ಕೂರುತ್ತಾರೆ, ಮುಂದಿನ ಶಾಲೆ ಹದಿನಾಲ್ಕು ಕಿಲೋಮೀಟರು ಕೆಳಗೆ. ತೂಡಾಗೆ ಸಚಿವಾಲಯದಲ್ಲಿ ಒಂದು ಮೇಜು ಬೇಕಿತ್ತು. ಆ ಮೇಜಿನಿಂದ ಆ ಬೆಟ್ಟಕ್ಕೆ ಒಂದು ಬಸ್ಸು ಕಳಿಸಬೇಕಿತ್ತು. ನೂರಿಪ್ಪತ್ತು ಪುಟದ ಪ್ರಬಂಧ ಬರೆದಿದ್ದಳು, ಸಾರಾಂಶ ಇಷ್ಟೇ.

ಮೇಜು ಸಿಗುವ ದಾರಿ ಆಗ ಒಂದೇ. ಕೆಲಸವಿಲ್ಲದ ಪದವೀಧರರು ಗುಂಪು ಕಟ್ಟಿ, ಬೆಳಿಗ್ಗೆ ಹತ್ತಕ್ಕೆ ಬಾಬ್ ಎಲ್ ಹದ್ ಎಂಬ ಹಳೇ ಕೋಟೆ ಬಾಗಿಲಲ್ಲಿ ಸೇರಿ, ಸಂಸತ್ತಿನವರೆಗೆ ಕೂಗುತ್ತ ಹೋಗಿ, ಅಟ್ಟಿಸಿಕೊಂಡು ವಾಪಸು ಬರುವುದು. ಗುಂಪಿಗೊಂದು ಹಾಜರಿ ಪಟ್ಟಿ. ಹೆಚ್ಚು ದಿನ ಬಂದವರ ಹೆಸರು ಮೇಲೆ. ಸರ್ಕಾರ ಬೇಸತ್ತು ಒಂದಷ್ಟು ಕೆಲಸ ಕೊಟ್ಟರೆ ಪಟ್ಟಿಯ ಮೇಲಿನಿಂದಲೇ ಕೊಡುತ್ತಿತ್ತು. ಹಸಿರು ಗುಂಪಿನ ಪಟ್ಟಿ ತೂಡಾಳ ಕೈಯಲ್ಲಿತ್ತು, ನಿಯಮ ಬರೆದವಳೂ ಅವಳೇ. ಹತ್ತು ಗಂಟೆಗೆ ಒಂದು ಸಲ ಹೆಸರು ಕರೆಯುವುದು. ಮೂರು ಗೈರುಹಾಜರಿ ಆದರೆ ಹೆಸರು ಹೊಡೆದುಹಾಕುವುದು. ಸಚಿವಾಲಯದಲ್ಲಿ ಮಾವಂದಿರು ಇದ್ದವರು ವಾರಕ್ಕೊಮ್ಮೆ ಮುಖ ತೋರಿಸಿ ಮೇಲೆ ಕೂರಬಾರದೆಂದು ಮಾಡಿದ ನಿಯಮ.

ಮೊದಲು ಹೋದ ಹೆಸರು ಮೀಲೂದನದು. ಕೆನಿತ್ರಾದಲ್ಲಿ ರೈಲು ನಿಂತು ಆರು ನಿಮಿಷ ತಡವಾಗಿ ಓಡಿ ಬಂದಿದ್ದ. ಅದು ಅವನ ಮೂರನೆಯದು.

"ರೈಲು ನಿಂತ್ರೆ ನಾನೇನು ತಳ್ಲಾ?"

"ಎಲ್ಲರಿಗೂ ಒಂದೇ ಮೀಲೂದ್. ಇವತ್ತು ನಿನಗೆ ಬಿಟ್ರೆ ನಾಳೆ ಮಂತ್ರಿ ಅಳಿಯನಿಗೂ ಬಿಡ್ಬೇಕು."

"ಚೆನ್ನಾಗಿ ಓದಿದ್ದೀಯ ತಾಯಿ. ಕೆಲಸ ಸಿಗೋಕೆ ಮುಂಚೇನೇ ಸರ್ಕಾರ ಆಗ್ಬಿಟ್ಟೆ."

ಆ ಚಳಿಗಾಲ ತೂಡಾಳ ತಾಯಿಗೆ ಶಸ್ತ್ರಚಿಕಿತ್ಸೆಯಾಯಿತು. ಎರಡು ದಿನ ಅವಳು ಬರಲಿಲ್ಲ. ತನ್ನ ಹೆಸರಿನ ಮುಂದೆ ತಾನೇ ಎರಡು ಗೈರು ಬರೆದಳು.

ಬೂಶ್ತಾನ ಅಂಗಡಿಯ ಮುಂದಿನ ಚಾವಣಿ ಕಿತ್ತುಹಾಕುವುದಾಗಿ ನಗರಸಭೆಯ ನೋಟಿಸು ಬಂದದ್ದು ಅದರ ಮುಂದಿನ ವಾರ. ಮಧ್ಯಾಹ್ನದೊಳಗೆ ಉತ್ತರ ಕೊಡಬೇಕಿತ್ತು. ಅಂಗಿಗಳ ಗುಂಡಿ ಹಾಕಿಸಲು ಒಂಬತ್ತೂಕಾಲಿಗೆ ಬಂದ ತೂಡಾಳನ್ನು ಅವನು ಬಿಡಲಿಲ್ಲ. ಪುದೀನ ಚಹಾ ತರಿಸಿದ. ಅವಳು ಬರೆದಳು. ಅಂಥ ಅರ್ಜಿಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಪ್ರತಿ ಸಾಲಿಗೂ ಕಾನೂನಿನ ಕಲಮು, ಪ್ರತಿ ಕಲಮಿಗೂ ವಿನಯ.

"ಇನ್ನೊಂದು ಸಾಲು ಸೇರಿಸು ಮಗಳೇ, ಮಳೆಗಾಲದ ಬಗ್ಗೆ."

"ಹಾಜಿ, ಹತ್ತಕ್ಕೆ ಐದು ನಿಮಿಷ ಇದೆ." ಅವಳ ಫೋನು ಹಿಂದಿನ ದಿನ ಲಾಠಿ ಏಟಿಗೆ ಒಡೆದಿತ್ತು. ನೋಡಿದ್ದು ಗೋಡೆಯ ಗಡಿಯಾರ.

"ಅದು ಹತ್ತು ನಿಮಿಷ ಮುಂದಿದೆ ಕಣಮ್ಮ. ಕೂತ್ಕೋ."

ಬಟ್ಟೆಯ ಒಳಹೊಲಿಗೆ ನೋಡದೆ ಬಿಡದವಳು ಅವನ ಮಾತಿನ ಒಳಹೊಲಿಗೆ ನೋಡಲಿಲ್ಲ. ಕೂತಳು.

ಕೋಟೆ ಬಾಗಿಲು ತಲುಪಿದಾಗ ಅವಳ ಬದಲು ಹೆಸರು ಕರೆಯಲು ನಿಂತ ಹುಡುಗಿ ಪಟ್ಟಿ ಮಡಚುತ್ತಿದ್ದಳು. ಅಲ್ಲಿ ನಡೆದ ಮಾತು ಆಮೇಲೆ ಪೇಟೆಯಲ್ಲಿ ಬೂಶ್ತಾನ ಕಿವಿಗೆ ಬಿದ್ದದ್ದು ಹೀಗೆ.

"ಅಕ್ಕಾ, ನಾವ್ಯಾರೂ ನೋಡಿಲ್ಲ. ಹಾಕ್ಕೋ ನಿನ್ನ ಹೆಸರು."

"ನಾನು ನೋಡಿದ್ದೀನಲ್ಲ."

"ಹುಚ್ಚಾ ನಿಂಗೆ? ಪಟ್ಟಿ ಮಾಡಿದವಳೇ ನೀನು!"

"ಅದಕ್ಕೇ." ಪೆನ್ನು ತೆಗೆದುಕೊಂಡು ಏಳನೇ ಸಾಲಿನಲ್ಲಿದ್ದ ತನ್ನ ಹೆಸರನ್ನು ಹೊಡೆದಳು. ಗೆರೆ ನೆಟ್ಟಗಿತ್ತಂತೆ.

ನಾಲ್ಕು ತಿಂಗಳಿಗೆ ಸರ್ಕಾರ ಹಸಿರು ಗುಂಪಿನಿಂದ ಮೊದಲ ಮೂವತ್ತು ಮಂದಿಯನ್ನು ತೆಗೆದುಕೊಂಡಿತು. ಅದಾದ ಮೇಲೆ ಪಟ್ಟಿಯಿಂದ ಕೆಲಸ ಕೊಡುವುದನ್ನೇ ನಿಲ್ಲಿಸಿತು. ಅಂಗಿ ವಾಪಸು ಕೊಡಲು ತೂಡಾ ಬಂದಳು. ಒಗೆದು ಇಸ್ತ್ರಿ ಮಾಡಿದ್ದಳು.

"ನನ್ನಿಂದಾಗಿ ತಡ ಆಯ್ತು ಅಂತ ಅವರ ಹತ್ರ ಹೇಳ್ಬಾರದಾಗಿತ್ತಾ? ನಾನು ಬಂದು ಸಾಕ್ಷಿ ಹೇಳ್ತಿದ್ದೆ."

"ಅದನ್ನ ಯಾವ ಕಾಲಮ್ಮಲ್ಲಿ ಬರೀಲಿ ಹಾಜಿ?" ಅಂದು ನಕ್ಕಳು. ಆ ನಗು ನೋಡುವ ಬದಲು ಬೂಶ್ತಾ ಅಂಗಿಯ ಗುಂಡಿ ಎಣಿಸಿದ. "ಚಾವಣಿ ಉಳೀತಲ್ಲ, ಅದಾದ್ರೂ ಆಯ್ತು," ಅಂದಳು ತೂಡಾ.

ಮೀಲೂದ್ ಈಗ ಬೆಟ್ಟದ ದಾರಿಯಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಹೋದ ತಿಂಗಳು ಕೈಗವಸು ಕೊಳ್ಳಲು ಬಂದವನು ತೂಡಾಳ ಸುದ್ದಿ ಹೇಳಿದ.

"ಸೇಬಿನ ಶೀತಗೃಹದಲ್ಲಿದ್ದಾಳೆ. ಹಣ್ಣು ಆರಿಸೋ ಹೆಂಗಸರ ಹಾಜರಿ ಹಾಕ್ತಾಳೆ. ತಡ ಆಗಿ ಬಂದ್ರೆ ಅರ್ಧ ದಿನದ ಕೂಲಿ ಕಟ್."

"ನಿನ್ನ ಜೊತೆ ಮಾತಾಡಿದಳಾ?"

"ಮಾತಾಡಿದ್ಳು. ಕ್ಷಮಿಸು ಅಂದ್ಳು. ಯಾತಕ್ಕೆ ಅಂದೆ. ರೈಲಿಗೆ ಅಂದ್ಳು." ಮೀಲೂದ್ ಕೈಗವಸು ಹಾಕಿ ತೆಗೆದ. "ಅವಳ ಅಣ್ಣನ ಮಗಳು ಐದನೇ ಕ್ಲಾಸಿಗೆ ಓದು ನಿಲ್ಲಿಸಿದ್ಳಂತೆ. ಬಸ್ಸೆಲ್ಲಿದೆ?"

ಅಂಗಡಿಯ ಚಾವಣಿ ಇನ್ನೂ ಇದೆ, ಕೆಳಗೆ ಮಳೆ ಬೀಳುವುದಿಲ್ಲ. ಗಡಿಯಾರವೂ ಅದೇ ಗೋಡೆಯಲ್ಲಿದೆ. ಅದು ಎಂದೂ ಹತ್ತು ನಿಮಿಷ ಮುಂದೆ ಓಡಿದ್ದಿಲ್ಲ. ಈ ಮಾತನ್ನು ಬೂಶ್ತಾ ತೂಡಾಗೆ ಇವತ್ತಿಗೂ ಹೇಳಿಲ್ಲ. ಅವನು ಅವಳಿಗೆ ಆ ನಿಜವನ್ನೂ ಆ ಒಂದು ಬೆಳಿಗ್ಗೆಯನ್ನೂ ಬಾಕಿ ಉಳಿಸಿಕೊಂಡಿದ್ದಾನೆ.